ಕಪಾಟಿನೊಳಗಿನ ರಾಜಕುಮಾರಿ

ಜೂನ್ 13, ಶುಕ್ರವಾರ

ಇವತ್ತು ಮಧ್ಯಾಹ್ನ ಬಟ್ಟೆ ಕಪಾಟಿನೊಳಗೆ ಕೂತು ಹಿಮದಲ್ಲಿ ನಡುಗಿದೆ.

ಹೊರಗೆ ಮಸ್ಕತ್ತಿನ ಅಲ್ ಗುಬ್ರಾದ ಬಿಸಿಲು ಡಾಂಬರು ಕರಗಿಸುತ್ತಾ ಇತ್ತು. ಎ.ಸಿ. ಹಾಕಿದರೆ ಮೈಕಿನಲ್ಲಿ ಗೊರಗೊರ ಕೇಳುತ್ತದೆ. ಅದನ್ನೂ ಬಂದ್ ಮಾಡಿ, ಅಕ್ಕನ ರೇಷ್ಮೆ ಸೀರೆಗೂ ಭಾವನ ಕೋಟಿಗೂ ನಡುವೆ ಮುಖ ತೂರಿಸಿ, ಬೆವರು ಒರೆಸಿಕೊಳ್ಳುತ್ತಾ, "ಈ ಹಿಮಪಾತದಲ್ಲಿ ನನ್ನನ್ನು ಉತ್ತರ ದೇಶಕ್ಕೆ ಕಳುಹಿಸುವಿರಾ, ಮಹಾಪ್ರಭು?" ಅಂತ ಹಲ್ಲು ಕಟಕಟ ಮಾಡಿದೆ. ಬೆಂಗಳೂರಿನ ಡಬ್ಬಿಂಗ್ ಮೇಡಂ ಕೂಡಲೇ ಮೆಸೇಜು ಕಳಿಸಿದರು, ಚಳಿ ತುಂಬಾ ನ್ಯಾಚುರಲ್ ಆಗಿ ಬಂದಿದೆ ಅಂತ. ಬರದೆ ಎಂತ, ಪ್ರಾಣ ಹೋಗ್ತಾ ಇತ್ತು ನಂಗೆ.

ಚೀನಾದ ಅರಮನೆಯ ಧಾರಾವಾಹಿ. ಮೊಬೈಲಿನಲ್ಲಿ ಬರುವಂಥದ್ದು. ಕನ್ನಡದಲ್ಲಿ ರಾಜಕುಮಾರಿ ಯೂನ್ ಅಂದ್ರೆ ನಾನು. ಮೇಲಿನ ಮಹಡಿಯ ವಿಕ್ಟರ್ ಅಂಕಲ್ ಚಕ್ರವರ್ತಿ. ಇಗರ್ಜಿಯಲ್ಲಿ ವಾಚನ ಓದಿ ಓದಿ ಅವರಿಗೆ ಅಂಥ ಸ್ವರ ಬಂದಿದೆ, ಫೋನಿನಲ್ಲಿ ಹಲೋ ಅಂದ್ರೂ ಎದ್ದು ನಿಲ್ಲುವ ಅಂತ ಅನ್ನಿಸುತ್ತದೆ. ಅವರ ಹೆಂಡತಿ ಡಾಲಿ ಆಂಟಿಯೇ ನನ್ನನ್ನು ಇದಕ್ಕೆ ಸೇರಿಸಿದ್ದು. ಅವರಿಬ್ಬರನ್ನು ಬಿಟ್ಟರೆ ಈ ಗುಟ್ಟು ಮಸ್ಕತ್ತಿನಲ್ಲಿ ಯಾರಿಗೂ ಗೊತ್ತಿಲ್ಲ.

ಅಕ್ಕನಿಗೆ ಮೊದಲ ಸಂಚಿಕೆಯ ದಿನವೇ ಹೇಳುವ ಅಂತ ಇದ್ದೆ. ಪಾಯಸ ಮಾಡಿಟ್ಟಿದ್ದೆ. ಅಕ್ಕ ಸ್ವಲ್ಪ ಹೊತ್ತು ನೋಡಿದಳು. "ಹುಡುಗಿ ಚಂದ ಉಂಟು. ಆದ್ರೆ ಸ್ವರ ಯಾರದ್ದು ಮಾರಾಯ್ತಿ, ಶೀತ ಆದ ಕೋಳಿಯ ಹಾಗೆ!" ಅಂದಳು. ಮತ್ತೆ ಪಾಯಸ ಯಾಕೆ ಅಂತ ಕೇಳಿದಳು. ಹಾಲು ಹಾಳಾಗ್ತಾ ಇತ್ತು ಅಂದೆ. ಈಗ ಅವಳು ಒಂದು ಸಂಚಿಕೆ ಬಿಡದೆ ನೋಡುತ್ತಾಳೆ, ಕೋಳಿಯನ್ನು ಬೈಯುತ್ತಲೇ.

ಇಷ್ಟು ಇವತ್ತಿನ ಗಮ್ಮತ್ತು. ಸಂಜೆ ಚಾ ಕುಡಿಯುವಾಗ ಭಾವ ಬಾಂಬು ಹಾಕಿದ.

ಭಾವನ ಗ್ಯಾರೇಜು ವಾದಿ ಅದಾಯ್‌ನಲ್ಲಿ. ಪಕ್ಕದ ಸ್ಪೇರ್ ಪಾರ್ಟ್ಸ್ ಅಂಗಡಿ ಕೊಗ್ಗಣ್ಣನದ್ದು. ಎರಡರ ಮಧ್ಯೆ ಒಂದು ತಗಡಿನ ಚಪ್ಪರ ಉಂಟು. ಅದರ ನೆರಳಿನಲ್ಲಿ ಯಾರ ಗಾಡಿ ನಿಲ್ಲಬೇಕು ಅಂತ ಇಬ್ಬರಿಗೂ ಮಾತು ಬಿಟ್ಟು ಹೋಗಿದೆ. ಇಬ್ಬರಿಗೂ ಒಬ್ಬನೇ ಕಫೀಲ್, ಲೈಸೆನ್ಸಿಗೆ ಹೆಸರು ಕೊಟ್ಟ ಒಮಾನಿ. ಆ ಮನುಷ್ಯ ಕೂಡ ಬೇಸತ್ತು, ಖಲಾಸ್, ನೀವು ನೀವೇ ಮುಗಿಸಿ ಅಂದಿದ್ದಾನೆ. ಈಗ ತುಳು ಸಂಘದ ಹಿರಿಯರು ಮುಗಿಸುವ ದಾರಿ ಹುಡುಕಿದ್ದಾರೆ. ಕೊಗ್ಗಣ್ಣನ ತಮ್ಮ ಬಾಬು, ದೂರದ ಇಬ್ರಾ ಊರಿನ ಅಂಗಡಿ ನೋಡಿಕೊಳ್ಳುವವನು. ಅವನಿಗೆ ನಾನು.

"ನೀನೊಂದು ಹೂಂ ಅಂದ್ರೆ ಎರಡು ಅಂಗಡಿಗೂ ಶಾಂತಿ, ಪ್ರಣೀತಾ," ಅಂದ ಭಾವ.

ಇದೇ ಡೈಲಾಗ್ ಚಕ್ರವರ್ತಿ ಮಧ್ಯಾಹ್ನ ಹೇಳಿದ್ದರು! ನೀನು ಉತ್ತರದ ರಾಜನನ್ನು ವರಿಸಿದರೆ ಗಡಿಯಲ್ಲಿ ಶಾಂತಿ ನೆಲೆಸುವುದು ಮಗಳೇ ಅಂತ. ಅಲ್ಲಿ ಒಂದು ರಾಜ್ಯವಾದರೂ ಇತ್ತು. ಇಲ್ಲಿ ತಗಡು.

ಆಟಿ ತಿಂಗಳು ಹಿಡಿಯುವ ಮೊದಲು ಉತ್ತರ ಬೇಕಂತೆ. ಆಟಿಯಲ್ಲಿ ನಮ್ಮವರು ಮದುವೆಯ ಹೆಸರೆತ್ತುವುದಿಲ್ಲ. ಅಕ್ಕ ಬಾಬುವಿನ ಫೋಟೋ ವಾಟ್ಸಾಪಿಗೆ ಹಾಕಿದಳು. ತೆರೆಯದೆ ಅಳಿಸಿ ಹಾಕಿದೆ. ನೋಡಿದರೆ ಅರ್ಧ ಒಪ್ಪಿದ ಹಾಗೆ. ಬಾಬು ಅಂದ್ರೆ ಹೇಗಿರ್ತಾನೆ ಅಂತ ಗೊತ್ತಿಲ್ವಾ ನಂಗೆ? ಹೊಟ್ಟೆ, ಮೀಸೆ, ಕುತ್ತಿಗೆಯಲ್ಲಿ ದಪ್ಪ ಚೈನು. ಊರಿಗೆ ಫೋನು ಮಾಡಿದರೆ ಅಮ್ಮ, ಭಾವ ಹೇಳಿದ ಹಾಗೆ ಮಾಡು ಅಂದಳು. ಎಲ್ಲರೂ ಒಂದೇ ಕಡೆ.

ಜೂನ್ 16, ಸೋಮವಾರ

ನಾನು ರಿಸೆಪ್ಶನ್‌ನಲ್ಲಿ ಕೂರುವ ಹಲ್ಲಿನ ಕ್ಲಿನಿಕ್ಕಿಗೆ ಬೆಳಿಗ್ಗೆ ಒಬ್ಬ ಬಂದ. ಒಂದು ಕೆನ್ನೆ ಮಂಗಳೂರು ಬನ್ಸಿನ ಹಾಗೆ ಉಬ್ಬಿತ್ತು. ಕಾರ್ಡಿನಲ್ಲಿ ವಿಕಾಸ್ ದೂಮಪ್ಪ. ಹೋ, ನಮ್ಮ ಕಡೆಯವರೇ ಅಂತ ಕನ್ನಡದಲ್ಲಿ ಕೇಳಿದೆ, ಎಲ್ಲಿಂದ ಬಂದದ್ದು ಅಂತ.

"ಇಬ್... ಇಬ್ರು," ಅಂದ, ಕೆನ್ನೆ ಹಿಡಿದುಕೊಂಡು.

"ಇಬ್ಬರಾ? ಇನ್ನೊಬ್ಬರು ಎಲ್ಲಿ?" ಬಾಗಿಲ ಕಡೆ ನೋಡಿದೆ. ಯಾರೂ ಇಲ್ಲ.

ಅವನು ಕೈಯಾಡಿಸಿ ಇನ್ನೂ ಎಂತದೋ ಹೇಳ್ಲಿಕ್ಕೆ ನೋಡಿದ. ನೋವಿಗೆ ಆಗಲಿಲ್ಲ ಪಾಪ, ಸುಮ್ಮನೆ ಕೂತ. ಡಾಕ್ಟರ್ ಶಿಫಾನಾ ನೋಡಿ ರೂಟ್ ಕೆನಾಲ್ ಅಂದರು. ಕೆಲವು ಸಲ ಬರಬೇಕು, ಕೊನೆಗೆ ಹಲ್ಲಿಗೆ ಕ್ರೌನ್ ಕೂರಿಸುವುದು. ಹೋಗುವಾಗ ಆ ಮನುಷ್ಯ ಅರ್ಧ ಬಾಯಲ್ಲಿ ನಗಾಡಿ ಕೈ ಮುಗಿದ. ಡಾಕ್ಟರಿಗೆ ಅಲ್ಲ, ನನಗೆ. ಮದ್ದಿನ ಅಮಲು ಇರಬೇಕು.

ಭಾವ ರಾತ್ರಿ ಊಟಕ್ಕೆ ಕೂತವನೇ, ಯೋಚನೆ ಮಾಡಿದೆಯಾ ಅಂತ ಕೇಳಿದ. ತಲೆನೋವು ಅಂದೆ.

ಜೂನ್ 20, ಶುಕ್ರವಾರ

ವಿಕ್ಟರ್ ಅಂಕಲ್‌ನ ಮೈಕು ಹಾಳಾಗಿದೆ. ಹಾಗಾಗಿ ನನ್ನ ಮೈಕು ತೆಗೆದುಕೊಂಡು ಹೋಗಿ ಅವರ ಮನೆಯ ಸ್ಟೋರ್ ರೂಮಿನಲ್ಲಿ ಇಬ್ಬರೂ ಒಟ್ಟಿಗೆ ರೆಕಾರ್ಡು ಮಾಡಿದೆವು. ಅಕ್ಕಿ ಚೀಲ, ಕ್ರಿಸ್ಮಸ್ ಟ್ರೀಯ ಡಬ್ಬಿ, ಮಧ್ಯೆ ಚೀನಾದ ಸಿಂಹಾಸನ.

ದೊಡ್ಡ ದೃಶ್ಯ ಅದು. ಯೂನ್ ತುಂಬಿದ ಸಭೆಯಲ್ಲಿ ಅಪ್ಪನ ಕಾಲು ಹಿಡಿದು, ಈ ಮದುವೆ ಬೇಡ ಅಂತ ಅಳುತ್ತಾಳೆ. ನನಗೆ ಅಳು ಸುಲಭದಲ್ಲಿ ಬಂತು. ಬಾಬುವಿನ ಹೊಟ್ಟೆ ನೆನೆಸಿದರೆ ಸಾಕಿತ್ತು. ಆದ್ರೆ ಅಂಕಲ್ ಸರಿ ಇರಬೇಕಲ್ಲ! ಮೊದಲು ಸಾಮ್ರಾಜ್ಯ ಅನ್ನುವಲ್ಲಿ ಸಾಂಬ್ರಾಜ್ಯ ಅಂದರು. ಮತ್ತೆ ಸೀನಿದರು. ಕೊನೆಗೆ ನಾನು ಗಂಟಲು ಹರಿಯುವ ಹಾಗೆ ಅಳುತ್ತಾ ಇರುವಾಗ, ಸೆಕೆ ತಡೆಯಲಿಕ್ಕೆ ಆಗದೆ, ಮೆಲ್ಲ ಕೈ ಚಾಚಿ ಟೇಬಲ್ ಫ್ಯಾನು ಹಾಕಿಬಿಟ್ಟರು. ನನ್ನ ಪಿತ್ತ ನೆತ್ತಿಗೇರಿತು.

"ಎಂತ ಮಾರಾಯ್ರೆ ನೀವು! ಒಬ್ಬಳ ಗೋಳು ನಿಮಗೆ ಕಾಣುವುದೇ ಇಲ್ವಾ?"

ಅಂಕಲ್ ಹೆದರಿ ಫ್ಯಾನು ಬಂದ್ ಮಾಡಿದರು. ಡಾಲಿ ಆಂಟಿ ಬಾಗಿಲ ಹೊರಗಿನಿಂದ, "ಹಾಗೆ ಹೇಳು ಪ್ರಣೀತಾ, ಮನೆಯಲ್ಲಿ ನನ್ನ ಕತೆಯೂ ಅದೇ," ಅಂತ ನಗಾಡಿದರು. ಮತ್ತೆ ಒಂದು ಸಲ ಸರಿಯಾಗಿ ಮಾಡಿ ಎಲ್ಲವನ್ನೂ ಬೆಂಗಳೂರಿಗೆ ಕಳಿಸಿದೆ.

ಜೂನ್ 24, ಮಂಗಳವಾರ

ಬನ್ಸು ಕೆನ್ನೆಯ ವಿಕಾಸ್ ಇವತ್ತು ಪುನಃ ಬಂದಿದ್ದ. ಬರುವಾಗಲೇ ಡಾಕ್ಟರು ಒಳಗೆ ಕರೆದರು, ಹೊರಗೆ ಬರುವಾಗ ಬಾಯಿ ಮರಗಟ್ಟಿತ್ತು. ದೂರ ಗಾಡಿ ಓಡಿಸ್ಲಿಕ್ಕೆ ಉಂಟಂತೆ, ಸ್ವಲ್ಪ ಹೊತ್ತು ಕೂತು ಹೋಗಲಿ ಅಂದರು. ಬೇರೆ ಯಾರೂ ಇರಲಿಲ್ಲ.

ಎದುರು ಒಬ್ಬ ಮನುಷ್ಯ. ಕಿವಿ ಉಂಟು, ಬಾಯಿ ಇಲ್ಲ. ನನಗೆ ಇಂಥ ಜನ ಸಿಗುವುದು ಅಪರೂಪ. ಎಂತ ಆಯಿತೋ, ಎಲ್ಲ ಹೇಳಿಬಿಟ್ಟೆ. ತಗಡಿನ ಚಪ್ಪರ, ಕೊಗ್ಗಣ್ಣ, ಭಾವ, ಇಬ್ರಾದ ಬಾಬು, ಅವನ ಹೊಟ್ಟೆ, ಮೀಸೆ, ಚೈನು.

"ಇಬ್ರಾದಲ್ಲಿ ಕೂತು, ಮಸ್ಕತ್ತಿನಿಂದ ಹೆಂಡತಿ ಪಾರ್ಸೆಲ್ ಬರ್ತದೆ ಅಂತ ಕಾಯ್ತಾ ಇದ್ದಾನೆ ನೋಡಿ," ಅಂದೆ.

ಅವನು ಬಾಯಿಗೆ ಹಾಕಿದ ನೀರು ಅಂಗಿಯ ಮೇಲೆ ಚೆಲ್ಲಿತು. ಮರಗಟ್ಟಿದ ಬಾಯಿ ಅಲ್ವಾ. ಟಿಶ್ಯೂ ಕೊಟ್ಟೆ. ಅವನು ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡ, ಮೀಸೆ ಇಲ್ಲದ ತುಟಿ ಮುಟ್ಟಿ ನೋಡಿಕೊಂಡ, ಮತ್ತೆ ಭುಜ ಕುಣಿಸಿ ನಗಾಡಿದ. ನಗುವಾಗ ಕಣ್ಣು ಮಾತ್ರ ನಗುತ್ತದೆ, ಬಾಯಿ ಎಲ್ಲೋ ಹೋಗುತ್ತದೆ. ನನಗೂ ನಗು ಬಂತು.

"ನಿಮ್ಮ ಹತ್ತಿರ ಹೇಳಿದ್ದಕ್ಕೆ ಮನಸ್ಸು ಹಗುರ ಆಯ್ತು. ಒತ್ತಾಯದ ಮದುವೆ ಬೇಡ ನಂಗೆ. ಅಷ್ಟೇ," ಅಂದೆ. ಆಗ ಅವನು ನಗು ನಿಲ್ಲಿಸಿ ತಲೆಯಾಡಿಸಿದ.

ಧಾರಾವಾಹಿಯ ಮುಂದಿನ ಸ್ಕ್ರಿಪ್ಟು ಬಂದಿದೆ. ಯೂನ್‌ಳನ್ನು ಉತ್ತರಕ್ಕೆ ಕರೆದುಕೊಂಡು ಹೋಗ್ಲಿಕ್ಕೆ ಶೆನ್ ಅಂತ ಒಬ್ಬ ಕುದುರೆಯವನು ಬರುತ್ತಾನೆ. ಅವನೇ ಆ ರಾಜ, ವೇಷ ಮರೆಸಿ ಬಂದದ್ದು. ಕುರುಡರಿಗೂ ಗೊತ್ತಾಗುತ್ತದೆ. ಈ ಯೂನ್ ಮಾತ್ರ ಅವನ ಹತ್ತಿರವೇ ರಾಜನನ್ನು ಬೈಯುತ್ತಾ ಕೂರುತ್ತಾಳೆ. ಎಂಥ ಪೆದ್ದಿಯನ್ನು ಕೊಟ್ಟರಪ್ಪ ನಂಗೆ!

ಜೂನ್ 29, ಭಾನುವಾರ

ಲಗಾಡಿ ಹೋಯಿತು. ಎಲ್ಲ ಹಾಳಾಯಿತು.

ಸಂಜೆ ಅಕ್ಕ ಬೊಬ್ಬೆ ಹೊಡೆದಳು, "ಏ ಪ್ರಣೀತಾ, ಓಡಿ ಬಾ, ಚೀನಾದವಳು ನಮ್ಮೂರಿನವಳು!" ಹೋಗಿ ನೋಡಿದರೆ, ತುಂಬಿದ ರಾಜಸಭೆ, ಚಿನ್ನದ ಸಿಂಹಾಸನ, ಕಣ್ಣೀರು ಸುರಿಸುತ್ತಾ ರಾಜಕುಮಾರಿ ಯೂನ್ ಚಕ್ರವರ್ತಿಗೆ ಹೇಳುತ್ತಾಳೆ, "ಎಂತ ಮಾರಾಯ್ರೆ ನೀವು!" ನಾನು ಬೈದದ್ದನ್ನು ಕತ್ತರಿಸದೆ ಕಳಿಸಿದ್ದೆ. ತುಟಿಗೆ ಎಷ್ಟು ಸರಿ ಕೂತಿದೆ ಅಂದ್ರೆ ಎಡಿಟರ್ ಹುಡುಗ ಅದನ್ನೇ ಹಾಕಿಬಿಟ್ಟಿದ್ದಾನೆ.

ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ಹಾಕಿ ಹೊಟ್ಟೆ ಹಿಡಿದು ನಗಾಡಿದಳು. ರಾತ್ರಿಯೊಳಗೆ ಮಸ್ಕತ್ತಿನ ಎಲ್ಲ ಗ್ರೂಪಿನಲ್ಲಿ ಅದೇ. ಇವಳು ಕಾಪುವಿನವಳು, ಅಲ್ಲ ಕಟಪಾಡಿಯವಳು, ಅಂತ ಜಗಳ ಬೇರೆ.

ಅಕ್ಕನಿಗೆ ಕೇಳಬಾರದು ಅಂತ ಮೇಲೆ ಅಂಕಲ್ ಮನೆಗೆ ಓಡಿ ಫೋನು ತೆಗೆದರೆ, ಬೆಂಗಳೂರಿನ ಮೇಡಂ ಬೆಂಕಿ. "ಚಕ್ರವರ್ತಿಗೆ ಯಾರಾದ್ರೂ ಮಾರಾಯ ಅಂತಾರೇನ್ರೀ? ಅರಮನೆ ಅದು, ಮೀನು ಮಾರ್ಕೆಟ್ಟಲ್ಲ! ನಿಮ್ಮನ್ನ ಇಟ್ಕೊಳ್ಳೋದಾ ಬಿಡೋದಾ ಯೋಚಿಸಬೇಕು." ನನಗೆ ನಿಜವಾಗಿ ಅಳು ಬಂತು. ವಿಕ್ಟರ್ ಅಂಕಲ್ ನನ್ನ ಕೈಯಿಂದ ಫೋನು ತೆಗೆದುಕೊಂಡರು.

"ಮೇಡಂ, ಮಾರಾಯ ಅಂದ್ರೆ ಎಂತ? ಮಹಾರಾಯ. ನಾವು ಬಸ್ಸಿನ ಕಂಡಕ್ಟರಿಗೂ ಹೇಳ್ತೇವೆ, ಮೀನಿನವರಿಗೂ ಹೇಳ್ತೇವೆ. ಅವರೆಲ್ಲ ಮಹಾರಾಯರಾ? ಈ ಹುಡುಗಿ ಒಬ್ಬಳು ಅದನ್ನು ಸರಿಯಾದ ಜಾಗದಲ್ಲಿ ಹೇಳಿದ್ದು. ನಾನು ಚಕ್ರವರ್ತಿ ಹೇಳ್ತಾ ಇದ್ದೇನೆ, ನನಗೆ ಬೇಜಾರಿಲ್ಲ."

ಆ ಸ್ವರದಲ್ಲಿ ಹೇಳಿದರೆ ಯಾರು ಇಲ್ಲ ಅನ್ನುತ್ತಾರೆ? ಸ್ವಲ್ಪ ಹೊತ್ತು ಬಿಟ್ಟು ಮೇಡಮ್ಮೇ ಮೆಸೇಜು ಹಾಕಿದರು. ನೋಡುವವರು ಒಮ್ಮೆಲೇ ಜಾಸ್ತಿ ಆಗಿದ್ದಾರಂತೆ. ಮುಂದಿನ ಸಂಚಿಕೆಯಲ್ಲೂ ಒಂದೆರಡು ಮಾರಾಯ್ರೆ ಇರಲಿ ಅಂತ.

ಜುಲೈ 3, ಗುರುವಾರ

ವಿಕಾಸ್ ಅವರಿಗೆ ಇವತ್ತು ದಿನದ ಕೊನೆಯ ಅಪಾಯಿಂಟ್‌ಮೆಂಟ್ ಇಟ್ಟಿದ್ದೆ. ಕೊನೆಗೆ ಇಟ್ಟರೆ ಹೊರಗೆ ಕೂತು ಸುಧಾರಿಸಿಕೊಳ್ಳಲಿಕ್ಕೆ ಅವರಿಗೂ ಅನುಕೂಲ. ಅಷ್ಟಕ್ಕೇ ಇಟ್ಟದ್ದು. ನೀಲಿ ಕುರ್ತಾ ಹಾಕಿದ್ದು ಬೇರೆ ಎಲ್ಲ ಒಗೆಯಲಿಕ್ಕೆ ಇತ್ತು ಅಂತ.

ಮರಗಟ್ಟಿದ ಬಾಯಿಯಲ್ಲಿ ಹೊರಗೆ ಬಂದು, ನಾನು ನನಗೆ ಅಂತ ತರಿಸಿಟ್ಟ ಬಿಸಿ ಚಾ ಎತ್ತಿ ಕುಡಿಯಲಿಕ್ಕೆ ಹೊರಟರು!

"ಎಂತ ಮಾರಾಯ್ರೆ ನೀವು! ನಾಲಗೆ ಸುಟ್ಟರೂ ಗೊತ್ತಾಗ್ಲಿಕ್ಕಿಲ್ಲ ನಿಮಗೆ!"

ಮನುಷ್ಯ ಕಲ್ಲಾದ. ಕಪ್ಪು ಕೆಳಗಿಟ್ಟ. ನನ್ನನ್ನೇ ನೋಡಿದ. ಮತ್ತೆ ಎರಡು ಕೈಯ ಬೆರಳುಗಳನ್ನು ತಲೆಯ ಮೇಲೆ ನಿಲ್ಲಿಸಿ ಕಿರೀಟ ಮಾಡಿ, ನನ್ನ ಕಡೆ ತೋರಿಸಿ, ಹುಬ್ಬು ಹಾರಿಸಿದ. ಬೈಯುವಾಗ ನನ್ನ ಸ್ವರ ಎಲ್ಲಿಯೂ ಅಡಗುವುದಿಲ್ಲ, ಅದೇ ಕರ್ಮ.

"ದಮ್ಮಯ್ಯ, ಯಾರಿಗೂ ಹೇಳ್ಬೇಡಿ. ನನ್ನ ಅಕ್ಕನಿಗೇ ಗೊತ್ತಿಲ್ಲ," ಅಂದೆ.

ಎದೆಯ ಮೇಲೆ ಕೈ ಇಟ್ಟು ಆಣೆ ಮಾಡಿದರು. ಮತ್ತೆ ಮುಖ ಒಂಥರಾ ಗಂಭೀರ ಆಯಿತು. ತಮ್ಮ ಎದೆ ತಟ್ಟಿಕೊಂಡು, ಬಹಳ ಕಷ್ಟಪಟ್ಟು, "ನಾ... ನಾನೇ... ಬಾವು," ಅಂದರು.

"ಬಾವು ಇಳಿತದೆ, ಹೆದರ್ಬೇಡಿ. ಉಪ್ಪು ನೀರು ಮುಕ್ಕಳಿಸಿ," ಅಂದೆ.

ಹಣೆ ಹಣೆ ಬಡಿದುಕೊಂಡರು. ಪಾಪ, ಎಷ್ಟು ನೋಯುತ್ತದೋ.

ಜುಲೈ 7, ಸೋಮವಾರ

ಕ್ಲಿನಿಕ್ಕಿನಲ್ಲಿ ಕೂರಲಿಕ್ಕೆ ಜಾಗ ಇಲ್ಲದಷ್ಟು ಜನ. ಇವತ್ತು ಯಾರೂ ಬರಲಿಲ್ಲ.

ಜುಲೈ 11, ಶುಕ್ರವಾರ

ಎಷ್ಟು ಸೊಕ್ಕು ನೋಡಿ!

ಕೊಗ್ಗಣ್ಣ ಭಾವನಿಗೆ ಫೋನು ಮಾಡಿದ್ದಾರೆ. ಬಾಬುವಿಗೆ ಈ ಸಂಬಂಧ ಬೇಡವಂತೆ. ಹುಡುಗಿಗೆ ಮನಸ್ಸಿಲ್ಲ, ಒತ್ತಾಯ ಮಾಡಿ ತಂದ ಹೆಂಡತಿ ನನಗೆ ಬೇಡ, ಅವಳಿಗೆ ಕಿರಿಕಿರಿ ಮಾಡ್ಬೇಡಿ ಅಂತ ಹೇಳಿದನಂತೆ. ನನಗೆ ಮನಸ್ಸಿಲ್ಲ ಅಂತ ಇಬ್ರಾದಲ್ಲಿ ಕೂತವನಿಗೆ ಹೇಳಿದ್ದು ಯಾರು? ನಾನು ಬೇಡ ಅನ್ನುವ ಮೊದಲೇ ಬೇಡ ಅನ್ಲಿಕ್ಕೆ ಅವನು ಯಾರು? ಒಳ್ಳೆಯ ಮಾತುಗಳನ್ನು ಜೋಡಿಸಿ ಇಟ್ಟಿದ್ದೆ, ಎಲ್ಲ ದಂಡ ಆಯಿತು.

ನಾನು ಗೆದ್ದಿದ್ದೇನೆ. ಖುಷಿ ಆಗಬೇಕು. ಅಕ್ಕ ಮಾಡಿದ ನೀರುದೋಸೆ ಕೂಡ ಸೇರಲಿಲ್ಲ. ಭಾವ ಮುಖ ಸಣ್ಣ ಮಾಡಿ ಟಿ.ವಿ. ಹಾಕದೆ ಕೂತಿದ್ದಾನೆ. ಕೊಗ್ಗಣ್ಣನ ಪಿಕಪ್ ಪುನಃ ನೆರಳಿಗೆ ಬಂದು ನಿಂತಿದೆಯಂತೆ.

ಮಧ್ಯಾಹ್ನ ಕಪಾಟಿನಲ್ಲಿ ಕುದುರೆಯವನ ದೃಶ್ಯ. ಯೂನ್ ಅವನಿಗೆ ಹೇಳುತ್ತಾಳೆ, "ನೀನು ಯಾರೆಂದು ನಾನು ಕೇಳುವುದಿಲ್ಲ. ಈ ದಾರಿ ಮಾತ್ರ ಮುಗಿಯದಿರಲಿ." ಒಂದೇ ಸಲಕ್ಕೆ ಆಯಿತು. ಮೇಡಂ ಫೋನು ಮಾಡಿ, "ಅಯ್ಯೋ, ಮೈ ಜುಮ್ಮಂತು ಕಣ್ರೀ! ಯಾರನ್ನ ನೆನೆಸ್ಕೊಂಡು ಹೇಳಿದ್ರಿ?" ಅಂತ ಕೇಳಿದರು. ಸೆಕೆ ಮೇಡಂ ಅಂದೆ.

ವಿಕಾಸ್ ಅವರ ಹಲ್ಲಿಗೆ ಕ್ರೌನ್ ಮಂಗಳವಾರ.

ಜುಲೈ 15, ಮಂಗಳವಾರ

ಇವತ್ತಿನದ್ದನ್ನು ಹೇಗೆ ಬರೆಯುವುದು! ನಗಬೇಕೋ ಹೆದರಬೇಕೋ ಗೊತ್ತಿಲ್ಲ.

ಕ್ಲಿನಿಕ್ಕಿನ ಫೋನಿಗೆ ಒಂದು ಕಾಲ್ ಬಂತು. ಮೊದಲು ಕೇಳದ ಸ್ವರ. ಮೆತ್ತಗೆ, ಸ್ಪಷ್ಟ, ಎಲ್ಲಿಯೂ ಅವಸರ ಇಲ್ಲದ್ದು.

"ನಾನು ವಿಕಾಸ್. ಇವತ್ತು ಕ್ರೌನಿಗೆ ಬರ್ಲಿಕ್ಕೆ ಆಗುವುದಿಲ್ಲ. ಇಲ್ಲೇ ಎಲ್ಲಾದ್ರೂ ಹಾಕಿಸ್ತೇನೆ."

ಇದಾ ಇವರ ಸ್ವರ! ಸ್ವರ ತಿಂದು ಬದುಕುವವಳು ನಾನು, ಇಷ್ಟು ದಿನ ಮರಗಟ್ಟಿದ್ದನ್ನೇ ಕೇಳಿಕೊಂಡು ಕೂತಿದ್ದೆ. "ಇಲ್ಲೇ ಅಂದ್ರೆ ಎಲ್ಲಿ?" ಅಂತ ಕೇಳಿದೆ.

"ಇಬ್ರಾ."

"ಇಬ್ರಾದಲ್ಲಿ ಎಂತ ನಿಮಗೆ?"

"ಅಂಗಡಿ," ಅಂದರು. "ಮೊದಲ ದಿನವೇ ಇಬ್ರಾ ಅಂದಿದ್ದೆ. ನಿಮಗೆ ಗೊತ್ತುಂಟು ಅಂತಲೇ ಅಂದುಕೊಂಡಿದ್ದೆ, ಇಬ್ಬರಿಗೂ ಫೋಟೋ ಕಳಿಸಿದ್ದರು ಅಲ್ವಾ. ಗೊತ್ತಿಲ್ಲ ಅಂತ ಗೊತ್ತಾಗುವಾಗ ನನ್ನ ಹೊಟ್ಟೆ, ಮೀಸೆಯ ವಿಷಯ ಎಲ್ಲ ಬಂದಾಗಿತ್ತು. ಬೇಜಾರಿಲ್ಲ. ನೀವು ಚಂದ ಇರಿ." ಫೋನು ಇಟ್ಟರು.

ಇಬ್ರು ಅಲ್ಲ, ಇಬ್ರಾ. ಬಾವು ಅಲ್ಲ, ಬಾಬು! ಮನೆಯಲ್ಲಿ ಒಂದು ಹೆಸರು, ಕಾರ್ಡಿನಲ್ಲಿ ಒಂದು ಹೆಸರು. ನಮ್ಮವರಿಗೆ ಇದೊಂದು ರೋಗ. ನಮ್ಮ ಭಾವನನ್ನೇ ಊರಿನಲ್ಲಿ ಶೈಲೇಶ್ ಅಂದ್ರೆ ಯಾರು ಅಂತ ಕೇಳುತ್ತಾರೆ.

ಮನೆಗೆ ಬಂದು, ಆ ಫೋಟೋ ಇನ್ನೊಮ್ಮೆ ಕಳಿಸು ಅಂದೆ ಅಕ್ಕನಿಗೆ. "ಈಗ ಯಾಕೆ ಪೊಕ್ಕಡೆ, ಸುಮ್ಮನೆ? ಅವನೇ ಬೇಡ ಅಂದ ಅಲ್ವಾ," ಅಂತ ಗೊಣಗಿ ಕಳಿಸಿದಳು. ಕೆನ್ನೆ ಉಬ್ಬಿರಲಿಲ್ಲ. ಕಣ್ಣು ಅದೇ.

ಪೆದ್ದಿ ಯೂನ್ ಅಲ್ಲ. ನಾನು. ನನಗೆ ಅವರು ಬೇಕು. ಬರೆದ ಮೇಲೆ ಓದಿ ನೋಡಿದೆ, ಹೌದು, ಬೇಕು.

ಜುಲೈ 17, ಗುರುವಾರ

ಆಟಿ ಶುರು. ಮುಂದಿನ ತಿಂಗಳು ಸೋಣ ಹುಟ್ಟುವ ತನಕ ಮದುವೆಯ ಮಾತಿಲ್ಲ. ಸೋಣದಲ್ಲಿ ಬೇರೆ ಹುಡುಗನನ್ನು ನೋಡುವ ಅಂದಳು ಅಕ್ಕ. ಅಬುಧಾಬಿಯಲ್ಲಿ ಒಬ್ಬ ಇದ್ದಾನಂತೆ.

ವಿಕಾಸ್‌ಗೆ ಫೋನು ಹಚ್ಚಿದೆ, ರಿಂಗ್ ಆಗುವ ಮೊದಲೇ ಇಟ್ಟೆ. ಎಂತ ಹೇಳುವುದು? ಮುಖಕ್ಕೇ ಬೈದವಳು ನಾನು. ಅವರು ದೊಡ್ಡ ಮನಸ್ಸು ಮಾಡಿ ನನಗೆ ಬೇಕಾದ್ದನ್ನೇ ಕೊಟ್ಟರು. ಈಗ ಅದು ಬೇಡ ಅಂತ ಹೇಗೆ ಹೇಳುವುದು? ಯೂನ್‌ಗಾದರೆ ಬರೆದುಕೊಡುವವರು ಇದ್ದಾರೆ.

ಡಾಲಿ ಆಂಟಿಯ ಹತ್ತಿರ ಎಲ್ಲ ಹೇಳಿ ಅತ್ತೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು, ಮತ್ತೆ ನನ್ನ ಕಣ್ಣೂ ಒರೆಸಿದರು. "ಸಂಘದ ಆಟಿ ಕೂಟಕ್ಕೆ ಇಬ್ರಾದವರು ಬರದೆ ಇರ್ತಾರಾ? ಪತ್ರೊಡೆ ಉಂಟಲ್ಲ," ಅಂದರು.

ಆಗಸ್ಟ್ 1, ಶುಕ್ರವಾರ

ಆದದ್ದು ಆದ ಹಾಗೆ ಬರೆಯುತ್ತೇನೆ.

ಆಟಿ ಕೂಟಕ್ಕೆ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಒಂದು ತುದಿಗೆ ಕೊಗ್ಗಣ್ಣ, ಇನ್ನೊಂದು ತುದಿಗೆ ಭಾವ, ಮಧ್ಯೆ ಖಾಲಿ ಕುರ್ಚಿಗಳು. ಪತ್ರೊಡೆಯ ಮೇಜಿನ ಹತ್ತಿರ ವಿಕಾಸ್ ನಿಂತಿದ್ದರು. ನನ್ನನ್ನು ಕಂಡು ತಲೆ ತಗ್ಗಿಸಿದರು. ತಟ್ಟೆಯಲ್ಲಿ ಪತ್ರೊಡೆ ಅರ್ಧ ಹಾಗೇ ಇತ್ತು. ಆ ಹಲ್ಲಿಗೆ ಇನ್ನೂ ಕ್ರೌನ್ ಹಾಕಿಸಿಲ್ಲ ಅಂತ ನನಗೆ ದೂರದಿಂದಲೇ ಗೊತ್ತಾಯಿತು, ಒಂದೇ ಬದಿಯಲ್ಲಿ ಅಗಿಯುತ್ತಾ ಇದ್ದರು.

ಈ ಸಲ ಹೊಸ ಸ್ಪರ್ಧೆ. ಚೀನಾದ ರಾಜಕುಮಾರಿಯ ಹಾಗೆ ಮಾರಾಯ್ರೆ ಅನ್ನುವುದು! ತೀರ್ಪು ಕೊಡುವವರು ವಿಕ್ಟರ್ ಅಂಕಲ್, ಡಾಲಿ ಆಂಟಿ, ಸಂಘದ ಅಧ್ಯಕ್ಷರು. ಅಕ್ಕ ಸೆರಗು ಕಟ್ಟಿ ಹೋದಳು, ಕೋಳಿಯ ಹಾಗೆಯೇ ಮಾಡಿದಳು, ಜನ ಬಿದ್ದು ಬಿದ್ದು ನಕ್ಕರು. ಆಂಟಿ ನನ್ನ ಹೆಸರನ್ನೂ ಕೂಗಿಸಿಬಿಟ್ಟರು. ಹೆದರಿಕೆಯಲ್ಲಿ ಸಣ್ಣ ಸ್ವರದಲ್ಲಿ ಎಂತದೋ ಹೇಳಿದೆ. ಯಶ್ಮಿತಾ ಅಂತ ಬ್ಯಾಂಕಿನ ಹುಡುಗಿಗೆ ಮೊದಲ ಬಹುಮಾನ, ಅಕ್ಕನಿಗೆ ಎರಡನೆಯದು. ನನಗೆ ಮೂರನೆಯದು. ನನ್ನ ಸ್ವರಕ್ಕೇ! ಅಧ್ಯಕ್ಷರು, "ಪ್ರಯತ್ನ ಒಳ್ಳೆದುಂಟು, ಸ್ವಲ್ಪ ಅಭ್ಯಾಸ ಬೇಕು," ಅಂದರು.

ಆಗ ನನಗೆ ಎಲ್ಲಿಂದ ಬಂತೋ ಸಿಟ್ಟು. ಮೈಕು ಕೊಡಲಿಲ್ಲ, ಹಿಡಿದುಕೊಂಡೆ. ಕಪಾಟಿನಲ್ಲಿ ಇದ್ದೇನೆ ಅಂದುಕೊಂಡು ಕಣ್ಣು ಮುಚ್ಚಿದೆ.

"ಮಹಾಪ್ರಭುಗಳೇ, ಸಭೆಗೊಂದು ಅರಿಕೆ. ಉತ್ತರದ ರಾಜರು ಈ ಸಂಬಂಧ ಬೇಡವೆಂದು ಹೇಳಿ ಕಳುಹಿಸಿದರಂತೆ. ರಾಜಕುಮಾರಿಗೆ ಮನಸ್ಸಿಲ್ಲವೆಂದು ಅವರಿಗೆ ತಿಳಿಸಿದವರು ಯಾರು?"

ಇದು ನಕಲು ಅಲ್ಲ, ಅಸಲು ಅಂತ ಎಲ್ಲರಿಗೂ ಒಟ್ಟಿಗೆ ಗೊತ್ತಾದದ್ದು ಆಗ. ಹಿಂದಿನಿಂದ ಒಂದು ಸ್ವರ ಬಂತು, ಮೆತ್ತಗೆ, ಸ್ಪಷ್ಟ.

"ರಾಜಕುಮಾರಿಯೇ ಹೇಳಿದ್ದು. ನನ್ನ ಎದುರಿಗೇ."

ಅರಮನೆಯ ಭಾಷೆ ಎಲ್ಲ ನನ್ನ ಬಾಯಿಂದ ಹಾರಿಹೋಯಿತು.

"ಎಂತ ಮಾರಾಯ್ರೆ ನೀವು! ನಾನು ಬೇಡ ಅಂದದ್ದು ಬಾಬುವನ್ನು. ವಿಕಾಸ್ ಅವರನ್ನು ಬೇಡ ಅಂದದ್ದು ಯಾವಾಗ?"

ಕಣ್ಣು ಬಿಟ್ಟೆ. ಮೊದಲು ಎದ್ದದ್ದು ಅಕ್ಕ. ಮದುವೆ, ಬಾಬು, ವಿಕಾಸ್, ಯಾವುದೂ ಅವಳ ತಲೆಗೆ ಹೋಗಿರಲಿಲ್ಲ.

"ಆ ಕೋಳಿ ನೀನಾ?" ಅಂದಳು.

"ನಾನೇ ಅಕ್ಕ."

"ಹಾಗಾದ್ರೆ ಆ ಪಾಯಸ..." ಅಂದವಳೇ ಕಣ್ಣು ತುಂಬಿಕೊಂಡಳು. ಆಮೇಲೆ ಕೊಗ್ಗಣ್ಣನನ್ನೂ ವಿಕಾಸ್‌ರನ್ನೂ ನೋಡಿ ವಿಷಯ ಹೊಳೆದು ಹೌಹಾರಿದಳು. "ಅಯ್ಯೋ ದೇವರೆ, ಬಾಯಿ ಮುಚ್ಚು! ಆಟಿಯಲ್ಲಿ ಯಾರಾದ್ರೂ ಮದುವೆ ಮಾತಾಡ್ತಾರಾ?"

ವಿಕಾಸ್ ತಟ್ಟೆ ಕೆಳಗಿಟ್ಟು ಮುಂದೆ ಬಂದರು. "ಮದುವೆ ಮಾತು ಯಾರು ಆಡಿದ್ದು ಅಕ್ಕ? ನನ್ನ ಹಲ್ಲಿನ ಕ್ರೌನು ಬಾಕಿ ಉಂಟು. ಕ್ಲಿನಿಕ್ಕಿಗೆ ಯಾವಾಗ ಬರ್ಬೇಕು ಅಂತ ಇವರ ಹತ್ತಿರ ಕೇಳ್ತಾ ಇದ್ದೇನೆ."

"ಮಂಗಳವಾರ," ಅಂದೆ. ಮೈಕು ಆನ್ ಇತ್ತು. ಇಡೀ ಹಾಲಿಗೆ ಕೇಳಿತು.

ಕೊಗ್ಗಣ್ಣ ಎದ್ದು ಖಾಲಿ ಕುರ್ಚಿಗಳನ್ನು ದಾಟಿ ಬಂದು ಭಾವನ ಬೆನ್ನಿಗೆ ಒಂದು ಕೊಟ್ಟರು. ಭಾವ ತಿರುಗಿ ಒಂದು ಕೊಟ್ಟ. ಪೆಟ್ಟು ಬಿತ್ತು ಅಂತ ನನಗೆ ಹೆದರಿಕೆ ಆಯಿತು. ನೋಡಿದರೆ ಇಬ್ಬರೂ ನಗಾಡುತ್ತಾ ಇದ್ದರು.

ಆಗಸ್ಟ್ 5, ಮಂಗಳವಾರ

ಕ್ರೌನ್ ಕೂರಿಸಿ ಆಯಿತು. ಇಬ್ರಾದ ರಾಜನಿಗೆ ಕಿರೀಟ. ಇವತ್ತು ಬಾಯಿ ಮರಗಟ್ಟಿರಲಿಲ್ಲ, ಆದ್ರೂ ತುಂಬಾ ಹೊತ್ತು ಕೂತಿದ್ದರು. ಆಟಿ ಅಲ್ವಾ, ಮದುವೆಯ ಮಾತು ಒಂದೂ ಆಡಲಿಲ್ಲ. ಉಪ್ಪು ನೀರಿನ ಬಗ್ಗೆ, ಚಾದ ಬಗ್ಗೆ, ಇಬ್ರಾದ ಅವರ ಮನೆಯಲ್ಲಿ ಕಪಾಟು ಎಷ್ಟು ದೊಡ್ಡದು ಅನ್ನುವುದರ ಬಗ್ಗೆ ಮಾತಾಡಿದೆವು.

ಆಗಸ್ಟ್ 17, ಭಾನುವಾರ

ಸೋಣ ಹುಟ್ಟಿತು. ಅಕ್ಕ ಒಂದು ದಿನವೂ ಕಾಯಲಿಲ್ಲ, ಸಂಜೆಗೇ ಎಲ್ಲರನ್ನೂ ಕರೆದಿದ್ದಳು. ಮಧ್ಯಾಹ್ನ ನಾನು ರೆಕಾರ್ಡು ಮಾಡುವಾಗ ತಾನೇ ಎ.ಸಿ. ಬಂದ್ ಮಾಡಿ, ಯಾರೂ ಬೆಲ್ ಒತ್ತದ ಹಾಗೆ ಬಾಗಿಲ ಹೊರಗೆ ಕಾವಲು ನಿಂತಿದ್ದಳು. ಆದರೂ ಅಳುವುದು ಇನ್ನೂ ಸುಧಾರಿಸಬೇಕು ಅಂತಾಳೆ.

ತಗಡಿನ ಚಪ್ಪರವನ್ನು ಭಾವ, ಕೊಗ್ಗಣ್ಣ ಸೇರಿ ಉದ್ದ ಮಾಡಿಸಿದ್ದಾರೆ. ಎರಡು ಗಾಡಿಯೂ ನಿಲ್ಲುತ್ತದೆ. ಇದನ್ನು ಮೊದಲೇ ಮಾಡಬಹುದಿತ್ತಲ್ಲ ಅಂತ ಕೇಳಿದ್ದಕ್ಕೆ ಇಬ್ಬರೂ ಆಕಾಶ ನೋಡಿದರು.

ಮನೆಯ ಹಾಲ್‌ನಲ್ಲಿ ಎಲ್ಲರೂ ಕೂತರು. ವಿಕ್ಟರ್ ಅಂಕಲ್, ಡಾಲಿ ಆಂಟಿ ಕೂಡ ನಮ್ಮ ಕಡೆಯವರಾಗಿ ಬಂದಿದ್ದರು. ವಿಕಾಸ್ ಎದುರಿನ ಸೋಫಾದಲ್ಲಿ ಒಬ್ಬರೇ. ಕೊಗ್ಗಣ್ಣ ಗಂಟಲು ಸರಿ ಮಾಡಿ, "ಚಪ್ಪರದ ವಿಷಯ ಮುಗಿಯಿತು ಮಗಾ. ಅದಕ್ಕಾಗಿ ನೀನು ಹೂಂ ಅನ್ನಬೇಕು ಅಂತಿಲ್ಲ. ನಿನಗಾಗಿ ಹೇಳು. ಒಪ್ಪಿಗೆ ಉಂಟಾ?" ಅಂತ ಕೇಳಿದರು.

ಎಲ್ಲರೂ ನನ್ನನ್ನೇ ನೋಡಿದರು. ನನಗೆ ಸ್ವರವೇ ಹೊರಡಲಿಲ್ಲ! ಸಾಮ್ರಾಜ್ಯಗಳನ್ನು ನಡುಗಿಸಿದ ಗಂಟಲು. ಡಾಕ್ಟರ್ ಶಿಫಾನಾ ಸೂಜಿ ಹಾಕಿದ ಹಾಗೆ ಬಾಯಿ ಮರಗಟ್ಟಿತು.

"ಅವಸರ ಮಾಡ್ಬೇಡಿ ಅಣ್ಣ," ಅಂದರು ವಿಕಾಸ್. "ಮರಗಟ್ಟಿದ್ದು ಇಳಿಯಲಿ. ಕಾಯ್ಲಿಕ್ಕೆ ನನಗೆ ಅಭ್ಯಾಸ ಉಂಟು."

ಅವರ ಮುಖ ನೋಡಿದೆ. ಕಣ್ಣು ನಗುತ್ತಾ ಇತ್ತು, ಆದ್ರೆ ಕೈಬೆರಳು ಸೋಫಾದ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಆಗ ನನಗೆ ಗೊತ್ತಿದ್ದ ಒಂದೇ ಒಂದು ಮಾತು ಬಾಯಿಗೆ ಬಂತು, ದಿನಾ ಕೌಂಟರಿನಲ್ಲಿ ಕೇಳುವಂಥದ್ದು.

"ಎಲ್ಲಿಂದ ಬಂದದ್ದು ನೀವು?"

ಭಾವ ಅಕ್ಕನ ಮುಖ ನೋಡಿದ. ಹುಡುಗಿಗೆ ಮಂಡೆ ಸಮ ಉಂಟಾ ಅಂತ ಇರಬೇಕು. ವಿಕಾಸ್ ಮೆಲ್ಲ ಒಂದು ಕೆನ್ನೆ ಉಬ್ಬಿಸಿದರು, ಬನ್ಸಿನ ಹಾಗೆ.

"ಇಬ್ರು," ಅಂದರು.

"ಇಬ್ಬರಾ? ಇನ್ನೊಬ್ಬರು ಎಲ್ಲಿ?"

ಅವರು ಸೋಫಾದಲ್ಲಿ ಸ್ವಲ್ಪ ಸರಿದರು. ನಾನು ಎದ್ದು ಹೋಗಿ ಅಲ್ಲಿ ಕೂತೆ.

ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ಹೂಂ ಅಂದಳಾ, ಇಲ್ವಾ?" ಅಂತ ಕೇಳಿದಳು.

"ಕೂತಾಯ್ತು ಮಾರಾಯ್ತಿ," ಅಂದ ಭಾವ. "ಇನ್ನೆಂತ ಅನ್ಲಿಕ್ಕೆ ಉಂಟು?"